ಧಾರ್ಮಿಕ ಶಿಕ್ಷಣದಲ್ಲಿ ಸ್ನಾತಕೋತ್ತರ ಪದವಿ: ಅರ್ಜಿ ಹಾಕುವ ಮುನ್ನ

ಯಾವ ಕಾಲೇಜು ಎಂದು ಹುಡುಕುವ ಮೊದಲು, ಓದು ಮುಗಿಸಿ ಎಲ್ಲಿ ಪಾಠ ಮಾಡುವಿರಿ ಎಂಬುದನ್ನು ತೀರ್ಮಾನಿಸಿ. ಸಂವಿಧಾನದ 28ನೇ ವಿಧಿಯ ಪ್ರಕಾರ, ಪೂರ್ತಿ ಸರ್ಕಾರಿ ಹಣದಲ್ಲೇ ನಡೆಯುವ ಶಾಲೆಗಳಲ್ಲಿ ಧರ್ಮಬೋಧನೆ ಮಾಡುವಂತಿಲ್ಲ. ಹಾಗಾಗಿ ಈ ಪದವಿ ನಂಬಿ ಸರ್ಕಾರಿ ಶಾಲೆಯ ಕೆಲಸಕ್ಕೆ ಕಾಯುವುದು ವ್ಯರ್ಥ. ಉಳಿಯುವುದು ಚರ್ಚು, ಮಠ, ಖಾಸಗಿ ವಿದ್ಯಾಸಂಸ್ಥೆ, ಇಲ್ಲವೇ ವಿಶ್ವವಿದ್ಯಾಲಯ. ಒಂದೊಂದಕ್ಕೂ ಬೇಕಾದ ಪದವಿ ಬೇರೆ.

ಚರ್ಚಿನ ಕೆಲಸವಾದರೆ ದಾರಿ ಉದ್ದ. ಬರೀ ಬಿ.ಎ. ಇಟ್ಟುಕೊಂಡು ಎಂ.ಟಿಎಚ್.ಗೆ (ದೇವತಾಶಾಸ್ತ್ರದ ಸ್ನಾತಕೋತ್ತರ ಪದವಿ) ಸೇರಲಾಗದು, ನಡುವೆ ಬಿ.ಡಿ. (ದೇವತಾಶಾಸ್ತ್ರದ ಸ್ನಾತಕ ಪದವಿ) ಮುಗಿಸಬೇಕು. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ದೇವತಾಶಾಸ್ತ್ರದ ಪದವಿ ಕೊಡುವ ಸೆರಾಂಪುರ ಸೆನೆಟ್‌ಗೆ ಸೇರಿದ್ದು, ಬಿ.ಡಿ. ಅಲ್ಲೇ ಆಗುತ್ತದೆ. ಮುಂದೆ ಬೈಬಲ್‌ನ ಹಳೆ ಒಡಂಬಡಿಕೆಯ ಶಾಖೆಗೆ ಹೀಬ್ರೂ, ಹೊಸದಕ್ಕೆ ಗ್ರೀಕ್ ಬೇಕಾಗುವುದರಿಂದ ಬಿ.ಡಿ.ಯಲ್ಲೇ ಭಾಷೆ ಗಟ್ಟಿ ಮಾಡಿಕೊಳ್ಳಿ. ನಿಮ್ಮ ಚರ್ಚ್ ಸಭೆಯ ಶಿಫಾರಸು ಪತ್ರ ಕೊನೆಯ ವಾರ ಕೇಳಿದರೆ ಸಿಗದು. ಅದು ಸಮಿತಿಯ ಮುಂದೆ ಹೋಗಿ ಬರಬೇಕು.

ಉಡುಪಿಯ ಸಂಸ್ಕೃತ ಪರಂಪರೆಯಲ್ಲಿ ಓದಿದವರು ವಿದ್ವತ್ ಅಥವಾ ಆಚಾರ್ಯ ಎಂಬ ಸಂಸ್ಕೃತ ಪದವಿಗಳತ್ತ ಹೋಗುತ್ತಾರೆ. ಇಲ್ಲಿ ಎಡವುವುದು ತತ್ಸಮಾನತೆಯಲ್ಲಿ. ನಿಮ್ಮ ಪದವಿ ಎಂ.ಎ.ಗೆ ಸಮ ಎಂದು ಹೇಳುವ ಆದೇಶದ ಪ್ರತಿಯನ್ನು ಪ್ರವೇಶದ ಹೊತ್ತಿಗೇ ತೆಗೆದಿಡಿ. ಅಧ್ಯಾಪಕರ ಬಾಯಿಮಾತು ನೇಮಕಾತಿ ಕಚೇರಿಯಲ್ಲಿ ನಡೆಯುವುದಿಲ್ಲ.

ಪೌರೋಹಿತ್ಯವಲ್ಲ, ಧರ್ಮವನ್ನು ಅಧ್ಯಯನದ ವಿಷಯವಾಗಿ ಕಲಿಸಬೇಕು ಎನ್ನುವವರಿಗೆ ಮೈಸೂರು ವಿಶ್ವವಿದ್ಯಾಲಯದ ಕ್ರೈಸ್ತಧರ್ಮ ಮತ್ತು ಜೈನಶಾಸ್ತ್ರ ವಿಭಾಗಗಳಿವೆ. ಕೆಲಸ ಬಿಡಲಾಗದವರಿಗೆ ಮುಕ್ತ ವಿಶ್ವವಿದ್ಯಾಲಯ ಇಗ್ನೋದ ಹಿಂದೂ ಅಧ್ಯಯನ ಎಂ.ಎ. ಇದೆ. ದೂರಶಿಕ್ಷಣವೆಂದರೆ ಸುಲಭ ಎಂದುಕೊಳ್ಳಬೇಡಿ. ಇಗ್ನೋ ಲೆಕ್ಕದಲ್ಲಿ ಒಂದು ಕ್ರೆಡಿಟ್‌ಗೆ 30 ಗಂಟೆ ಓದು. 80 ಕ್ರೆಡಿಟ್‌ನ ಎಂ.ಎ.ಗೆ 2,400 ಗಂಟೆ, ಅಂದರೆ ಎರಡು ವರ್ಷ ವಾರಕ್ಕೆ ಸುಮಾರು 23 ಗಂಟೆ. ಅಸೈನ್‌ಮೆಂಟ್ ಸಲ್ಲಿಸದೆ ಪರೀಕ್ಷೆಯೊಂದನ್ನೇ ಬರೆದರೆ ಆ ಪತ್ರಿಕೆ ಪಾಸಾಗದು.

ದೂರಶಿಕ್ಷಣಕ್ಕೆ ಮೊದಲು ಎಬಿಸಿ ಐಡಿ (ಕ್ರೆಡಿಟ್‌ಗಳನ್ನು ಜಮಾ ಇಡುವ ಆನ್‌ಲೈನ್ ಖಾತೆಯ ಸಂಖ್ಯೆ), ಅದರಿಂದ ಡೆಬ್ ಐಡಿ (ಯುಜಿಸಿಯ ದೂರಶಿಕ್ಷಣ ವಿಭಾಗದ ನೋಂದಣಿ ಸಂಖ್ಯೆ), ಆಮೇಲೆ ಅರ್ಜಿ. ಕರಾವಳಿಯವರಿಗೆ ತೊಡಕಾಗುವುದು ಹೆಸರು: ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್, ಆಧಾರ್‌ನಲ್ಲಿ ಶೆಟ್ಟಿಯೋ ಡಿಸೋಜವೋ ಪೂರ್ತಿ. ಎರಡೂ ತಾಳೆಯಾಗದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ತಿದ್ದುಪಡಿಗೆ ಒಂದೆರಡು ತಿಂಗಳು ಕೈಯಲ್ಲಿರಲಿ. ಬೇರೆ ವಿಶ್ವವಿದ್ಯಾಲಯಕ್ಕೆ ಹೋಗುವವರು ಮೈಗ್ರೇಷನ್ ಸರ್ಟಿಫಿಕೇಟ್‌ಗೂ ಮೊದಲೇ ಅರ್ಜಿ ಹಾಕಿಡಿ.

ಕಾಲೇಜು ಅಧ್ಯಾಪಕರಾಗುವ ಆಸೆಯಿದ್ದರೆ 'ಹೇಗೋ ಪಾಸು' ಸಾಲದು. ಅಧ್ಯಾಪಕರ ಅರ್ಹತೆಯ ನೆಟ್ ಪರೀಕ್ಷೆಗೆ ಎಂ.ಎ.ಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ 55, ಮೀಸಲು ವರ್ಗಗಳಿಗೆ ಶೇ 50 ಅಂಕ ಬೇಕು. ನಿಮ್ಮ ಎಂ.ಎ. ವಿಷಯ ನೆಟ್ ಪಟ್ಟಿಯ ಯಾವುದರಡಿ ಬರುತ್ತದೆ, ಧರ್ಮಗಳ ತೌಲನಿಕ ಅಧ್ಯಯನವೋ ಹಿಂದೂ ಅಧ್ಯಯನವೋ, ಈಗಲೇ ನೋಡಿಕೊಳ್ಳಿ.

ಪ್ರಬಂಧದ ವಿಷಯದಲ್ಲಿ ನಮ್ಮ ಕರಾವಳಿ ಜಿಲ್ಲೆಗಳವರು ಅದೃಷ್ಟವಂತರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನ ದಾಖಲೆಗಳು ಬಲ್ಮಠದಲ್ಲಿವೆ, ಮೂಡುಬಿದಿರೆಯಲ್ಲಿ ಜೈನ ತಾಳೆಗರಿಗಳಿವೆ. 'ತುಳುನಾಡಿನ ಭೂತಾರಾಧನೆ' ಎಂಬಷ್ಟು ಅಗಲದ ಶೀರ್ಷಿಕೆ ಒಯ್ದರೆ ಮಾರ್ಗದರ್ಶಕರು ಹಿಂದಕ್ಕೆ ಕಳಿಸುತ್ತಾರೆ. ಒಂದು ದೈವ, ಒಂದು ಗ್ರಾಮ, ಅಲ್ಲಿ ಮಕ್ಕಳಿಗೆ ಪಾಡ್ದನ (ದೈವದ ಕಥೆ ಹೇಳುವ ತುಳು ಹಾಡು) ಹೇಗೆ ದಾಟುತ್ತದೆ ಎಂಬಷ್ಟಕ್ಕೆ ಇಳಿಸಿ. ದೈವದ ಕೋಲಗಳು ಹೆಚ್ಚಾಗಿ ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯೊಳಗೆ ಮುಗಿಯುವುದರಿಂದ, ಗುತ್ತಿನ ಮನೆಯವರ (ಊರಿನ ಹಿರಿಮನೆತನದವರ) ಒಪ್ಪಿಗೆಯನ್ನು ದೀಪಾವಳಿಯ ಆಸುಪಾಸಿನಲ್ಲೇ ಕೇಳಿ. ತಡವಾದರೆ ಒಂದು ವರ್ಷ ಹೋದಂತೆ.