ಕಾರಿಲ್ಲದೆ ಮಾಲ್ಟಾ ನಡೆಯುವುದು: ಹೊಸದಾಗಿ ಬಂದ ಕನ್ನಡಿಗರಿಗೆ

ಮಾಲ್ಟಾಗೆ ಬಂದು ಇನ್ನೂ ಸೂಟ್‌ಕೇಸ್ ಬಿಚ್ಚಿರುವುದಿಲ್ಲ, ಆಗಲೇ ಯಾರಾದರೂ ಹೇಳಿರುತ್ತಾರೆ: "ಇಲ್ಲಿ ಕಾರಿಲ್ಲ ಅಂದ್ರೆ ಏನೂ ನೋಡೋಕಾಗಲ್ಲ." ಬೆಳಿಗ್ಗೆ ಕೆಲಸಕ್ಕೆ ಹೋಗುವ ಮಟ್ಟಿಗೆ ಆ ಮಾತು ಸ್ವಲ್ಪ ನಿಜ. ನಡೆಯುವ ಮಟ್ಟಿಗೆ ಪೂರ್ತಿ ಸುಳ್ಳು. ಕಾರಲ್ಲಿ ಹೋದವರು ಎಲ್ಲಿ ನಿಲ್ಲಿಸಿದರೋ ಅಲ್ಲಿಗೇ ವಾಪಸ್ ಬರಬೇಕು, ಅಲ್ವಾ? ಬಸ್ಸಲ್ಲಿ ಹೋದವರು ಒಂದು ಊರಲ್ಲಿ ಇಳಿದು, ಸಮುದ್ರದ ಅಂಚು ಹಿಡಿದು ನಡೆದು, ಬೇರೆ ಊರಲ್ಲಿ ಬಸ್ ಹತ್ತಬಹುದು. ಮುಖ್ಯ ದ್ವೀಪದ ಉದ್ದವೇ ಸುಮಾರು 27 ಕಿಲೋಮೀಟರ್. ಇಷ್ಟು ಪುಟ್ಟ ಜಾಗದಲ್ಲಿ ಇದಕ್ಕಿಂತ ಅನುಕೂಲ ಬೇರೆ ಬೇಕಾ?

ನಾನು ಹೊಸಬರಿಗೆ ಯಾವಾಗಲೂ ಹೇಳುವುದು ಒಂದೇ ಮಾತು. ಬಸ್ ಕಮ್ಮಿ ಇರುವ ಕಡೆಯಿಂದ ನಡಿಗೆ ಶುರು ಮಾಡಿ, ಬಸ್ ಜಾಸ್ತಿ ಇರುವ ಕಡೆ ಮುಗಿಸಿ. ಬೆಳಿಗ್ಗೆ ಮೈಯಲ್ಲಿ ಕಸುವಿರುತ್ತದೆ, ತಾಳ್ಮೆಯೂ ಇರುತ್ತದೆ. ಗಂಟೆಗೊಂದು ಬಸ್ಸಿಗೆ ಕಾಯುವುದಾದರೆ ಆಗಲೇ ಕಾದುಬಿಡಿ. ಸಂಜೆ ಕಾಲು ಸೋತಾಗ, ನೀರಿನ ಬಾಟಲಿ ಖಾಲಿಯಾದಾಗ, ನೆರಳಿಲ್ಲದ ಸ್ಟಾಪಿನಲ್ಲಿ ನಿಂತು ಫೋನ್ ನೋಡುತ್ತಾ ಕೂರುವ ಪಾಡು ಬೇಡ.

ಮೊದಲು ಬಸ್ ಕಾರ್ಡ್. ತಲ್ಲಿನ್ಯಾ ಕಾರ್ಡ್ ಅಂತಾರೆ. 2022ರ ಅಕ್ಟೋಬರ್‌ನಿಂದ ಇಲ್ಲಿನ ನಿವಾಸಿಗಳಿಗೆ, ತಮ್ಮ ಹೆಸರಿನ ಕಾರ್ಡ್ ಇದ್ದರೆ, ಮಾಮೂಲಿ ಬಸ್ಸುಗಳೆಲ್ಲ ಫ್ರೀ. ನಮ್ಮ ಕಡೆ ಶಕ್ತಿ ಯೋಜನೆ ಬರೀ ಹೆಂಗಸರಿಗೆ, ಇಲ್ಲಿ ಗಂಡಸರೂ ಬಚಾವ್. ರೆಸಿಡೆನ್ಸ್ ಕಾರ್ಡ್ ಕೈಗೆ ಬಂದ ತಕ್ಷಣ ಅರ್ಜಿ ಹಾಕಿಬಿಡಿ. ಅಲ್ಲಿಯವರೆಗೆ ಬಸ್ಸಲ್ಲೇ ಟಿಕೆಟ್ ತಗೊಳ್ಳಬಹುದು. ಒಂದು ಟಿಕೆಟ್ ಎರಡು ಗಂಟೆ ನಡೆಯುತ್ತದೆ, ಅಷ್ಟರೊಳಗೆ ಬಸ್ ಬದಲಾಯಿಸಿದರೆ ಮತ್ತೆ ದುಡ್ಡು ಕೊಡಬೇಕಿಲ್ಲ. ಫ್ರೀ ಅಂತ ಕಾರ್ಡ್ ಟ್ಯಾಪ್ ಮಾಡದೆ ಹೋಗಿ ಕೂರಬೇಡಿ, ಪ್ರತಿ ಸಲವೂ ಮಾಡಬೇಕು.

ಇನ್ನೊಂದು, ಸ್ಟಾಪಿನಲ್ಲಿ ಸುಮ್ನೆ ನಿಂತರೆ ಬಸ್ ನಿಲ್ಲುವುದಿಲ್ಲ. ಕೈ ಅಡ್ಡ ಹಿಡಿಯಬೇಕು. ಬ್ರಿಟಿಷರ ಕಾಲದಿಂದಲೂ ಇಲ್ಲಿ ಗಾಡಿಗಳು ಎಡಗಡೆಯೇ ಓಡುವುದು, ಹಾಗಾಗಿ ರಸ್ತೆಯ ಯಾವ ಬದಿಯಲ್ಲಿ ನಿಲ್ಲಬೇಕು ಅನ್ನುವ ಗೊಂದಲ ನಮಗೆ ಇಲ್ಲ. ಬಸ್ ತುಂಬಿದ್ದರೆ ಡ್ರೈವರ್ ಕೈ ಅಲ್ಲಾಡಿಸಿ ಮುಂದೆ ಹೋಗಿಬಿಡುತ್ತಾರೆ, ಬೇಸಿಗೆಯಲ್ಲಂತೂ ಇದು ದಿನಾ ನಡೆಯುವುದೇ. ಆದ್ದರಿಂದ ಆದಷ್ಟು ಬಸ್ ಹೊರಡುವ ಜಾಗದಲ್ಲೇ ಹತ್ತಿ. ರಾಜಧಾನಿ ವಾಲೆಟ್ಟಾದ ಕೋಟೆ ಬಾಗಿಲ ಹೊರಗೆ, ಟ್ರೈಟನ್ ಕಾರಂಜಿಯ ಸುತ್ತಮುತ್ತ ಇರುವುದೇ ದೊಡ್ಡ ಬಸ್ ನಿಲ್ದಾಣ. ಹೆಚ್ಚು ಕಮ್ಮಿ ಎಲ್ಲ ಕಡೆಗೂ ಅಲ್ಲಿಂದ ಬಸ್ ಇದೆ. ಡ್ರೈವರ್‌ಗಳಲ್ಲಿ ನಮ್ಮ ದೇಶದವರೂ ಇದ್ದಾರೆ, ದಾರಿ ಕೇಳಲು ಸಂಕೋಚ ಬೇಡ.

ಊರಿನ ಹೆಸರಲ್ಲಿ ಸ್ವಲ್ಪ ಹುಷಾರು. ಇಮ್ಜಾರ್ ಅನ್ನುವುದು ಮಾಲ್ಟಾದ ಒಂದು ಹಳ್ಳಿ, ಗೋಜೋ ದ್ವೀಪದ ಬಂದರಿನ ಹೆಸರೂ ಅದೇ. ರಬಾತ್ ಕೂಡ ಎರಡಿದೆ: ಒಂದು ಇಲ್ಲಿ, ಇನ್ನೊಂದು ಗೋಜೋದ ವಿಕ್ಟೋರಿಯಾ, ಅಲ್ಲಿನವರು ಅದನ್ನು ರಬಾತ್ ಅಂತಲೇ ಕರೆಯುವುದು. ಬಸ್ಸಿನ ಆ್ಯಪಿನಲ್ಲಿ ಹುಡುಕುವಾಗ ಬಸ್ ನಂಬರ್ ನೋಡಿ. ಮೂರು ನೂರರಿಂದ ಶುರುವಾಗುವ ನಂಬರ್ ಇದ್ದರೆ ಅದು ಗೋಜೋದ್ದು.

ಮೊದಲ ನಡಿಗೆಗೆ ನಾನು ಕಣ್ಮುಚ್ಚಿ ಹೇಳುವುದು ಪಶ್ಚಿಮ ಕರಾವಳಿ. ವಾಲೆಟ್ಟಾದಿಂದ 44ನೇ ನಂಬರ್ ಹತ್ತಿ ಕೊನೆಯಲ್ಲಿ ಗೋಲ್ಡನ್ ಬೇ ಹತ್ತಿರ ಇಳಿಯಿರಿ. ಮರಳಿಗೆ ಇಳಿಯದೆ ಎಡಕ್ಕೆ ಗುಡ್ಡ ಹತ್ತಿದರೆ ಒಂದು ಚೌಕ ಕಲ್ಲಿನ ಗೋಪುರ ಸಿಗುತ್ತದೆ. 1637ರಲ್ಲಿ, ಆಗ ಮಾಲ್ಟಾ ಆಳುತ್ತಿದ್ದ ನೈಟ್‌ಗಳು ಅನ್ನುವ ಕ್ರೈಸ್ತ ಯೋಧರ ಪಂಗಡ ಕಡಲ್ಗಳ್ಳರ ಮೇಲೆ ಕಣ್ಣಿಡಲು ಕಟ್ಟಿಸಿದ್ದು. ಅಲ್ಲಿಂದ ಉದ್ದದ ಮೆಟ್ಟಿಲುಗಳು ಆಯ್ನ್ ತುಫ್ಫೀಹಾ ಬೀಚಿಗೆ ಇಳಿಯುತ್ತವೆ. ಬೀಚಿನ ಆ ತುದಿಯಲ್ಲಿ ಬೂದು ಬಣ್ಣದ ಜೇಡಿಮಣ್ಣಿನ ಇಳಿಜಾರು. ಕೆಳಗಿಂದ ನೋಡಿದರೆ ಏನು ಮಹಾ ಅನ್ನಿಸುತ್ತದೆ. ಒಣಗಿದ್ದಾಗ ಮೇಲೆ ಸಣ್ಣ ಸಣ್ಣ ಬಿರುಕು ಬಿಟ್ಟು ಗಟ್ಟಿಯಾಗಿರುತ್ತದೆ, ಕಾಲು ಚೆನ್ನಾಗಿ ನಿಲ್ಲುತ್ತದೆ. ಮಳೆ ಬಂದ ಮಾರನೇ ದಿನ ಹೋದರೆ ಕತೆಯೇ ಬೇರೆ. ಮಣ್ಣು ಷೂ ತಳಕ್ಕೆ ಹೆಪ್ಪುಹೆಪ್ಪಾಗಿ ಅಂಟಿ, ಒಂದೊಂದು ಕಾಲೂ ಒಂದೊಂದು ಕೇಜಿ ಆಗುತ್ತದೆ, ಅದರ ಮೇಲೆ ಜಾರುತ್ತದೆ. ಮಳೆಯಾದ ಮೇಲೆ ಎರಡು ದಿನ ಬಿಸಿಲು ಬೀಳಲಿ, ಆಮೇಲೆ ಹೋಗಿ.

ಇಳಿಜಾರು ಹತ್ತಿ ದಿಬ್ಬದ ಮೇಲೆ ನಿಂತರೆ ಎರಡೂ ಕಡೆ ಕೊಲ್ಲಿ. ಬಲಕ್ಕೆ ಸಮುದ್ರಕ್ಕೆ ಚಾಚಿಕೊಂಡ ಚಪ್ಪಟೆ ತಲೆಯ ಗುಡ್ಡ. ದಿಬ್ಬದ ಆಚೆ ಕಡೆ ಇಳಿದರೆ ಇಜ್ನೇನಾ ಬೀಚ್. ಅಲ್ಲಿಂದ ಹೊಲಗಳ ನಡುವಿನ ರಸ್ತೆಯಲ್ಲಿ ಏರುತ್ತಾ ಹೋದರೆ ಇಮ್ಜಾರ್ ಹಳ್ಳಿ, ಹಳ್ಳಿಯಲ್ಲಿ ಅದೇ 44. ನಡುವೆ ಕೂತು ತಿಂದು, ಫೋಟೋ ತೆಗೆದುಕೊಂಡರೂ ಅರ್ಧ ದಿನ ಸಾಕು. ಹಳ್ಳಿಯ ಚರ್ಚಿನ ಗುಮ್ಮಟ ಮೊಟ್ಟೆಯ ಆಕಾರದಲ್ಲಿದೆ. ಊರಿನವರು ಮೊಟ್ಟೆ ಮಾರಿ ದುಡ್ಡು ಸೇರಿಸಿ ಕಟ್ಟಿಸಿದ್ದು ಅಂತ ಎಲ್ಲರೂ ಹೇಳುತ್ತಾರೆ.

ಎರಡನೆಯದು ದಿಂಗ್ಲಿ. ದ್ವೀಪದ ಅತಿ ಎತ್ತರದ ಜಾಗ ಇರುವುದು ಇಲ್ಲೇ, ಸುಮಾರು 250 ಮೀಟರ್ ಅಷ್ಟೇ. ಮುಳ್ಳಯ್ಯನಗಿರಿ ಹತ್ತಿ ಬಂದವರು ನಗಬೇಡಿ, ಆ 250 ಮೀಟರ್ ನೇರ ಸಮುದ್ರದ ಕಡೆಗೆ ಕಡಿದುಹೋಗಿದೆ. ರಬಾತ್‌ನಿಂದ 201 ಹತ್ತಿ, ಬಂಡೆಯಂಚಿನ ಮದ್ದಲೇನಾ ಪ್ರಾರ್ಥನಾ ಮಂದಿರದ ಹತ್ತಿರ ಇಳಿಯಿರಿ. ಈ 201 ಬಸ್ ಗಂಟೆಗೊಂದು ಅಂತಲೇ ಲೆಕ್ಕ ಇಟ್ಟುಕೊಳ್ಳಿ, ನಾನು ಮೇಲೆ ಹೇಳಿದ ಮಾತು ಇಲ್ಲಿಗೇ. ಎದುರಿಗೆ ಫಿಲ್ಫ್ಲಾ ಅನ್ನುವ ಪುಟ್ಟ ದ್ವೀಪ ಕಾಣುತ್ತದೆ. ಬ್ರಿಟಿಷ್ ಸೈನ್ಯ ಅದನ್ನು ಗುರಿ ಅಭ್ಯಾಸಕ್ಕೆ ಬಳಸುತ್ತಿತ್ತು, ಈಗ ಹಕ್ಕಿಗಳಿಗಾಗಿ ಕಾಯ್ದಿಟ್ಟಿದ್ದಾರೆ. ಅಂಚಿನ ಬಂಡೆ ಕೆಳಗಡೆ ಪೊಳ್ಳಾಗಿರುವ ಕಡೆ ಇದೆ, ಸೆಲ್ಫಿಗಾಗಿ ತುದಿಗೆ ಹೋಗಬೇಡಿ.

ಸಮುದ್ರವನ್ನು ಬಲಕ್ಕಿಟ್ಟುಕೊಂಡು ನಡೆದು, ಆಮೇಲೆ ಒಳಕ್ಕೆ ತಿರುಗಿದರೆ ಆರ್ ಇಲ್ ಇಕ್ಬೀರ್ ಅನ್ನುವ ಗುಹೆಗಳ ಹತ್ತಿರ ಬಂಡೆಯ ಮೇಲೆ ಜೋಡಿ ಜೋಡಿ ಗೆರೆಗಳು ಕೊರೆದಂತಿವೆ, ಗಾಡಿ ಜಾಡಿನ ಹಾಗೆ. ಯಾರು, ಯಾವ ಕಾಲದಲ್ಲಿ ಮಾಡಿದ್ದು ಅಂತ ಪಂಡಿತರು ಇನ್ನೂ ಜಗಳ ಆಡುತ್ತಲೇ ಇದ್ದಾರೆ. ಮುಂದೆ ಬುಸ್ಕೆತ್ ತೋಪು. ಮರದ ನೆರಳು ಅಂತ ಈ ದ್ವೀಪದಲ್ಲಿ ಸರಿಯಾಗಿ ಸಿಗುವುದು ಇಲ್ಲೊಂದೇ ಕಡೆ ಅನ್ನಬಹುದು. ಬುತ್ತಿ ಬಿಚ್ಚಲು ಇದೇ ಜಾಗ. ಅಲ್ಲಿಂದ ರಬಾತ್‌ಗೆ ನಡೆದರೆ 51, 52, 53, ಯಾವುದು ಮೊದಲು ಬಂತೋ ಅದನ್ನು ಹತ್ತಿ ವಾಲೆಟ್ಟಾ ಸೇರಿ.

ಸಹ್ಯಾದ್ರಿಯಲ್ಲಿ ನಡೆದು ಅಭ್ಯಾಸ ಇದ್ದವರು ಎರಡು ವಿಷಯ ತಲೆಯಿಂದ ತೆಗೆದುಹಾಕಬೇಕು. ಇಲ್ಲಿ ಹಳ್ಳ ಇಲ್ಲ, ನದಿ ಇಲ್ಲ, ದಾರಿಯಲ್ಲಿ ನೀರು ತುಂಬಿಕೊಳ್ಳೋಣ ಅಂದರೆ ಆಗುವುದಿಲ್ಲ. ತಲಾ ಎರಡು ಲೀಟರ್ ಮನೆಯಿಂದಲೇ ಹೊರಬೇಕು. ಮತ್ತೆ ಕಾಡು ಇಲ್ಲ, ಟೋಪಿಯೇ ನೆರಳು. ಇಂಬಳದ ಕಾಟವೂ ಇಲ್ಲ ಅನ್ನುವುದೊಂದು ಸಮಾಧಾನ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಗಲು ನಡಿಗೆ ಬಿಟ್ಟುಬಿಡಿ, ಈಜಲು ಹೋಗಿ. ಅಕ್ಟೋಬರ್ ಕೊನೆಯಿಂದ ಮೇವರೆಗೆ ಒಳ್ಳೆ ಕಾಲ. ಫೆಬ್ರವರಿ, ಮಾರ್ಚ್‌ನಲ್ಲಿ ಬಂದರೆ ಬೋಳು ಕಲ್ಲಿನ ದ್ವೀಪ ಇದೇನಾ ಅನ್ನಿಸುವಷ್ಟು ಹಸಿರು. ನಮ್ಮ ಹುಳಿಸೊಪ್ಪಿನ ಜಾತಿಯ ಹಳದಿ ಹೂವು ಹೊಲದ ತುಂಬ. ಕಲ್ಲುಗೋಡೆಯ ಪಕ್ಕ ಕಾಡು ಸೋಂಪು ಬೆಳೆದಿರುತ್ತದೆ, ಎಲೆ ಉಜ್ಜಿ ಮೂಸಿ ನೋಡಿ, ಹೋಟೆಲ್ ಬಿಲ್ಲಿನ ಜೊತೆ ಕೊಡುವ ಸೋಂಪಿನದೇ ವಾಸನೆ. ಡಿಸೆಂಬರ್‌ನಲ್ಲಿ ಸಂಜೆ ಐದಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ, ಬೇಗ ಹೊರಡಿ.

ಸೆಪ್ಟೆಂಬರ್‌ನಿಂದ ಜನವರಿವರೆಗೆ ಹಕ್ಕಿ ಬೇಟೆಯ ಕಾಲ. ಬೆಳಗಿನ ಜಾವ ಢಂ ಅಂತ ಗುಂಡಿನ ಸದ್ದು ಕೇಳಿದರೆ ಗಾಬರಿ ಬೇಡ. ದಾರಿ ಬಿಟ್ಟು ಹೊಲಕ್ಕೆ ಇಳಿಯಬೇಡಿ, ಬೇಟೆಗಾರರು ಎದುರಾದರೆ ನಮಸ್ಕಾರ ಹೇಳಿ ಮುಂದೆ ಹೋಗಿ. ಕಲ್ಲಿನ ಮೇಲೆ ಬಣ್ಣದಲ್ಲಿ 'ಆರ್‌ಟಿಒ' ಅಂತ ಬರೆದಿರುವುದು ಅಲ್ಲಲ್ಲಿ ಕಾಣುತ್ತದೆ. ಲೈಸೆನ್ಸ್ ಆಫೀಸಲ್ಲ, ಬೇಟೆಗೆ ಕಾಯ್ದಿಟ್ಟ ಜಾಗ, ಒಳಗೆ ಬರಬೇಡಿ ಅಂತ ಅರ್ಥ.

ತಿಂಡಿಗೆ ಪ್ರತಿ ಊರಲ್ಲೂ ಪಸ್ತಿತ್ಸಿ, ಅಂದರೆ ನಮ್ಮ ಪಫ್ಸ್‌ನಂಥ ತಿಂಡಿ, ಮಾರುವ ಅಂಗಡಿ ಇರುತ್ತದೆ. ಬಟಾಣಿಯದು ಒಂದು, ರಿಕೋಟಾ ಚೀಸಿನದು ಒಂದು. ಬಿಸಿಯಾಗಿದ್ದಾಗ ಬಟಾಣಿಯದೇ ಚೆಂದ. ಸಸ್ಯಾಹಾರಿಗಳು ಯಾವ ಕೊಬ್ಬಲ್ಲಿ ಮಾಡಿದ್ದು ಅಂತ ಒಂದು ಮಾತು ಕೇಳಿ, ಹಂದಿ ಕೊಬ್ಬು ಹಾಕುವವರೂ ಇದ್ದಾರೆ. ಭಾನುವಾರ ಮಧ್ಯಾಹ್ನ ಹಳ್ಳಿಗಳಲ್ಲಿ ಅಂಗಡಿ ಮುಚ್ಚಿರಬಹುದು, ಚಪಾತಿ ಸುರುಳಿಯೋ ಚಿತ್ರಾನ್ನವೋ ಕಟ್ಟಿಕೊಂಡು ಹೋಗುವುದೇ ವಾಸಿ. ಬೇಸಿಗೆಯಲ್ಲಿ ಊರ ಹಬ್ಬ, ಅದೇ ಫೆಸ್ತಾ, ಇದ್ದರೆ ಬಸ್ಸುಗಳು ಊರೊಳಗೆ ಬರದೆ ಸುತ್ತಿ ಹೋಗುತ್ತವೆ. ಹೊರಡುವ ಮುಂಚೆ ಆ್ಯಪ್ ನೋಡಿ. ಏನಾದರೂ ಅನಾಹುತ ಆದರೆ 112.

ಇಷ್ಟು ರೂಢಿಯಾದ ಮೇಲೆ ಗೋಜೋ. ವಾಲೆಟ್ಟಾದಿಂದ 41 ಅಥವಾ 42ರಲ್ಲಿ ಚಿರ್ಕೆವ್ವಾಗೆ ಹೋಗಿ, ಫೆರಿ ಹತ್ತಿ. 25 ನಿಮಿಷದ ದಾರಿ. ಹೋಗುವಾಗ ಯಾರೂ ಟಿಕೆಟ್ ಕೇಳುವುದಿಲ್ಲ, ವಾಪಸ್ ಬರುವಾಗ ಅಲ್ಲಿನ ಬಂದರಿನಲ್ಲಿ ಎರಡೂ ಕಡೆಯದು ಸೇರಿಸಿ ಕೊಡುವುದು. ಬಂದರಿನಿಂದ 301 ಅಥವಾ 323 ವಿಕ್ಟೋರಿಯಾಗೆ. ಗೋಜೋದ ಬಸ್ಸುಗಳು ಹೆಚ್ಚಾಗಿ ವಿಕ್ಟೋರಿಯಾದಿಂದಲೇ ನಾಲ್ಕೂ ಕಡೆ ಹೋಗುತ್ತವೆ. ದ್ವೀಪವೇ 67 ಚದರ ಕಿಲೋಮೀಟರ್, ವಿಕ್ಟೋರಿಯಾ ನಟ್ಟನಡುವೆ. ಬಸ್ ತಪ್ಪಿದರೂ ನಡೆದು ಸೇರಬಹುದಾದ ದೂರ ಅನ್ನುವ ಧೈರ್ಯ ಇರುತ್ತದೆ. 311ರಲ್ಲಿ ದ್ವೇಯ್ರಾಗೆ ಹೋಗಿ. ಪೋಸ್ಟರುಗಳಲ್ಲಿ ನೋಡಿದ ಆ ದೊಡ್ಡ ಕಲ್ಲಿನ ಕಮಾನು 2017ರ ಮಾರ್ಚ್ 8ರಂದು ಬಿರುಗಾಳಿಗೆ ಕುಸಿದುಬಿತ್ತು, ಅದನ್ನು ಹುಡುಕಬೇಡಿ. ಅಲ್ಲಿಂದ ಬಂಡೆಯ ಮೇಲಿನ ದಾರಿ ಹಿಡಿದು ದಕ್ಷಿಣಕ್ಕೆ ಶ್ಲೆಂದಿವರೆಗೆ ನಡೆಯುವುದು ನನ್ನ ಮಟ್ಟಿಗೆ ಇಲ್ಲಿನ ಎಲ್ಲಕ್ಕಿಂತ ಒಳ್ಳೆಯ ನಡಿಗೆ. ಶ್ಲೆಂದಿಯಿಂದ 306 ಸಿಕ್ಕಿದರೆ ಸರಿ, ಇಲ್ಲದಿದ್ದರೆ ವಿಕ್ಟೋರಿಯಾಗೆ ಇನ್ನೊಂದು ಮೂರು ಕಿಲೋಮೀಟರ್ ಏರು.

ಸಂಜೆ ವಾಪಸ್ ಬರುವಾಗ ಫೆರಿ ದಡ ಮುಟ್ಟುವ ಮುಂಚೆಯೇ ಬಾಗಿಲ ಹತ್ತಿರ ಬಂದು ನಿಂತುಕೊಳ್ಳಿ. ಚಿರ್ಕೆವ್ವಾದಲ್ಲಿ ಅಷ್ಟೂ ಜನ ಒಟ್ಟಿಗೆ ಬಸ್ಸಿಗೆ ಮುಗಿಬೀಳುತ್ತಾರೆ. ಸ್ಲೀಮಾ ಕಡೆಯವರು 222 ನೋಡಿ, ವಾಲೆಟ್ಟಾದವರು 41 ಅಥವಾ 42. ಮೊದಲ ಬಸ್ ತುಂಬಿದ್ದರೆ ನೂಕಬೇಡಿ, ಸಾಲಿನಲ್ಲಿ ಮುಂದೆ ನಿಂತು ಮುಂದಿನ ಬಸ್ಸಲ್ಲಿ ಕೂತು ಬನ್ನಿ.