ನಾಯಿಯ ಹಿಂಗಾಲಿಗೂ ಕೆಲಸ ಕೊಡಿ

ನಮ್ಮ ಬೆಳ್ಳಿಗೆ ಆರು ವರ್ಷ ತುಂಬಿದ ಮಳೆಗಾಲದಲ್ಲಿ ಒಂದು ಸಂಜೆ ಅವಳು ಕಾರಿನ ಬಾಗಿಲ ಬಳಿ ನಿಂತುಬಿಟ್ಟಳು. ಮುಂಗಾಲೆರಡೂ ಸೀಟಿನ ಮೇಲಿದ್ದವು. ಹಿಂಗಾಲು ನೆಲ ಬಿಡಲಿಲ್ಲ. ಒಮ್ಮೆ ಪ್ರಯತ್ನಿಸಿ, ಜಾರಿ, ತಿರುಗಿ ನನ್ನ ಮುಖ ನೋಡಿದಳು. ದಿನವೂ ಬೆಳಿಗ್ಗೆ ಅರ್ಧ ಗಂಟೆ ಚೆಂಡು ಎಸೆದು ಓಡಿಸುತ್ತಿದ್ದ ಲ್ಯಾಬ್ರಡಾರ್ ಅದು. ಪಶುವೈದ್ಯರು ಅವಳ ತೊಡೆಗಳನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ, ನನ್ನ ಕೈಯನ್ನೂ ಅಲ್ಲಿಗೆ ಒಯ್ದರು. ಭುಜದ ಮಾಂಸ ಗಟ್ಟಿಯಾಗಿತ್ತು, ತೊಡೆ ಮೆತ್ತಗಿತ್ತು. ಓಟಕ್ಕೆ ಕೊರತೆಯಿರಲಿಲ್ಲ, ಬಲಕ್ಕೆ ಕೊರತೆಯಿತ್ತು.

ನಾಯಿ ಸುಮ್ಮನೆ ನಿಂತಾಗಲೇ ಅದರ ತೂಕದ ಸುಮಾರು ಶೇ 60 ಭಾಗ ಮುಂಗಾಲುಗಳ ಮೇಲಿರುತ್ತದೆ. ಚೆಂಡಿನ ಹಿಂದೆ ಓಡಿ ಗಕ್ಕನೆ ನಿಂತಾಗ ಆ ಭಾರ ಇನ್ನೂ ಹೆಚ್ಚುತ್ತದೆ, ಸರಕ್ಕನೆ ತಿರುಗುವಾಗ ಹಿಂಗಾಲಿನ ಮೊಣಕಾಲು ತಿರುಚುತ್ತದೆ. ದಣಿಸುವುದೇ ವ್ಯಾಯಾಮ ಎಂದುಕೊಂಡಿದ್ದ ನಾನು ಆ ಮೇಲೆ ಕಲಿತದ್ದು ಇಷ್ಟು: ನಾಯಿಯ ಮೈ ಗಟ್ಟಿಯಾಗುವುದು ನಿಧಾನದ ಚಲನೆಯಿಂದ.

ಆರಂಭಿಸುವ ಮುನ್ನ

ಒಮ್ಮೆ ಪಶುವೈದ್ಯರಿಗೆ ತೋರಿಸಿ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ನಂಥ ತಳಿಗಳಲ್ಲಿ ಸೊಂಟದ ಕೀಲಿನ ತೊಂದರೆ ವಂಶಪಾರಂಪರ್ಯವಾಗಿ ಬರಬಹುದು. ಒಂದು ವರ್ಷದೊಳಗಿನ ಮರಿಗಳಿಗೆ, ದೊಡ್ಡ ತಳಿಯಾದರೆ ಒಂದೂವರೆ ವರ್ಷದವರೆಗೆ, ಜಿಗಿತ ಬೇಡ, ಬೈಕಿನ ಪಕ್ಕ ಓಡಿಸುವುದಂತೂ ಬೇಡವೇ ಬೇಡ. ಮೂಳೆಯ ತುದಿಗಳು ಆಗಿನ್ನೂ ಬೆಳೆಯುತ್ತಿರುತ್ತವೆ.

ಮೈತೂಕವನ್ನು ಮನೆಯಲ್ಲೇ ಅಂದಾಜು ಮಾಡಬಹುದು. ನಿಮ್ಮ ಅಂಗೈಯನ್ನು ಕೆಳಮುಖ ಮಾಡಿ ಚಾಚಿ, ಇನ್ನೊಂದು ಕೈಯ ಬೆರಳುಗಳಿಂದ ಅದರ ಹಿಂಬದಿಯನ್ನು ಸವರಿ. ನಾಯಿಯ ಪಕ್ಕೆಲುಬು ಹಾಗೆಯೇ ತಾಗಿದರೆ ತೂಕ ಸರಿಯಾಗಿದೆ. ಮುಷ್ಟಿ ಹಿಡಿದಾಗಿನ ಗೆಣ್ಣುಗಳಂತೆ ಎದ್ದಿದ್ದರೆ ಸೊರಗಿದೆ. ಅಂಗೈಯ ದಪ್ಪ ಭಾಗದಂತೆ ಮೆತ್ತಗಿದ್ದು ಎಲುಬು ಹುಡುಕಬೇಕಾಗಿ ಬಂದರೆ ಕೊಬ್ಬು ಹೆಚ್ಚಿದೆ, ಮೊದಲು ಊಟ ಕಡಿಮೆ ಮಾಡಬೇಕು.

ಇನ್ನು ನೆಲ. ನಮ್ಮ ಮನೆಗಳ ಗ್ರಾನೈಟ್ ಮತ್ತು ವಿಟ್ರಿಫೈಡ್ ಟೈಲ್ಸ್ ನೆಲ ನಾಯಿಯ ಕಾಲಿಗೆ ಎಣ್ಣೆ ಸುರಿದಂತೆ. ಜಮಖಾನ, ಹಳೆಯ ಯೋಗ ಮ್ಯಾಟ್, ರಬ್ಬರ್ ಚಾಪೆ, ಯಾವುದಾದರೂ ಸರಿ, ಜಾರದಂತೆ ಹಾಸಿ. ನಡೆಯುವಾಗ ಟಕಟಕ ಸದ್ದಾದರೆ ಉಗುರು ಬೆಳೆದಿದೆ ಎಂದರ್ಥ, ಕತ್ತರಿಸಿ.

ಮನೆಯೊಳಗೆ

ಐದು ನಿಮಿಷ ಅಂಗಳದಲ್ಲೋ ಕಾರಿಡಾರಿನಲ್ಲೋ ನಡೆಸಿ ಮೈ ಬೆಚ್ಚಗಾದ ಮೇಲೆ ಶುರು ಮಾಡಿ. ತಿನಿಸಿಗೆ ಬೇಯಿಸಿದ ಕೋಳಿಯ ಚೂರು ಅಥವಾ ಕ್ಯಾರೆಟ್ ತುಂಡು ಸಾಕು. ದ್ರಾಕ್ಷಿ ಮಾತ್ರ ಕೊಡಬೇಡಿ, ಅದು ನಾಯಿಗೆ ವಿಷ.

ಮೊದಲನೆಯದು ಬಸ್ಕಿ. ಇದೊಂದನ್ನೇ ಸರಿಯಾಗಿ ಮಾಡಿಸಿದರೂ ಅರ್ಧ ಕೆಲಸ ಮುಗಿದಂತೆ. ತಿನಿಸನ್ನು ಮೂಗಿನ ಬಳಿ ಹಿಡಿದು ನಿಧಾನವಾಗಿ ತಲೆಯ ಹಿಂದಕ್ಕೆ ಒಯ್ಯಿರಿ, ನಾಯಿ ಕುಳಿತುಕೊಳ್ಳುತ್ತದೆ. ಈಗ ಅದರ ಹಿಂದಿನಿಂದ ಬಗ್ಗಿ ನೋಡಿ. ಎರಡೂ ಮೊಣಕಾಲು ಮೈಗೆ ಒತ್ತಿಕೊಂಡು, ಎರಡೂ ಪಾದ ಸಮನಾಗಿ ಮುಂದಕ್ಕೆ ಮುಖ ಮಾಡಿರಬೇಕು. ಬೆಳ್ಳಿ ಎಡಗಾಲನ್ನು ಪಕ್ಕಕ್ಕೆ ಚಾಚಿ ಸೊಂಟದ ಒಂದೇ ಬದಿಯ ಮೇಲೆ ಕೂರುತ್ತಿದ್ದಳು. ಅದನ್ನು ಮುದ್ದು ಎಂದುಕೊಂಡು ನಾವು ಫೋಟೊ ಕೂಡ ತೆಗೆದಿದ್ದೆವು. ನಿಜಕ್ಕೂ ಆ ಕಾಲು ಭಾರ ಹೊರಲು ಹಿಂಜರಿಯುತ್ತಿತ್ತು. ಹಾಗೆ ಕೂರುವ ನಾಯಿಯನ್ನು, ಕಾಲು ಚಾಚುವ ಬದಿ ಗೋಡೆಗೆ ತಾಗುವಂತೆ ನಿಲ್ಲಿಸಿ ಕೂರಿಸಿ. ನೋವಿನಿಂದ ಚಾಚುತ್ತಿದೆ ಎನಿಸಿದರೆ ಒತ್ತಾಯ ಬೇಡ, ವೈದ್ಯರಿಗೆ ಹೇಳಿ. ಕುಳಿತ ಮೇಲೆ ತಿನಿಸನ್ನು ಮೂಗಿನ ಮಟ್ಟದಲ್ಲೇ ಮುಂದಕ್ಕೆ ಎಳೆಯಿರಿ, ಎದ್ದು ನಿಲ್ಲುತ್ತದೆ. ಇದು ಒಂದು ಬಸ್ಕಿ. ಐದು ಮಾಡಿಸಿ, ಒಂದು ನಿಮಿಷ ಬಿಟ್ಟು ಮತ್ತೆ ಐದು. ಎರಡು ವಾರಗಳ ನಂತರ ಒಂದೊಂದೇ ಹೆಚ್ಚಿಸಿ.

ಎರಡನೆಯದು ಮುಂಗಾಲು ಎತ್ತರದಲ್ಲಿ. ಗಟ್ಟಿಯಾದ ಮಣೆ ಅಥವಾ ಮೆಟ್ಟಿಲಿನ ಮೇಲೆ ಮುಂಗಾಲೆರಡನ್ನೂ ಇಡಿಸಿ ಹತ್ತು ಸೆಕೆಂಡ್ ನಿಲ್ಲಿಸಿ. ಭಾರ ಹಿಂದಕ್ಕೆ ಸರಿಯುತ್ತದೆ. ಮಣೆ ಅಲ್ಲಾಡಬಾರದು, ಎತ್ತರ ನಾಯಿಯ ಮೊಣಕೈ ದಾಟಬಾರದು.

ಹಿಂದಕ್ಕೆ ನಡೆಯುವುದನ್ನು ಕಲಿಸಲು ಸೋಫಾ ಮತ್ತು ಗೋಡೆಯ ನಡುವಿನ ಕಿರಿದಾದ ಜಾಗ ಅನುಕೂಲ. ನಾಯಿ ನಿಮ್ಮತ್ತ ಮುಖ ಮಾಡಿ ನಿಂತಿರುವಾಗ ಒಂದು ಹೆಜ್ಜೆ ಮುಂದಿಡಿ, ಅದು ಒಂದು ಹೆಜ್ಜೆ ಹಿಂದಿಟ್ಟೊಡನೆ ತಿನಿಸು ಕೊಡಿ. ನಾಲ್ಕೈದು ಹೆಜ್ಜೆ ನೇರವಾಗಿ ಬಂದರೆ ಸಾಕು. ತನಗೆ ಹಿಂಗಾಲುಗಳೂ ಇವೆ ಎಂಬ ಗಮನ ನಾಯಿಗೆ ಬರುವುದು ಇಲ್ಲಿಯೇ.

ಕೋಲು ದಾಟಿಸುವುದು ನನಗೆ ಬಹಳ ಇಷ್ಟವಾದ ವ್ಯಾಯಾಮ. ನಾಲ್ಕು ಪೊರಕೆ ಕೋಲು ಅಥವಾ ಪಿವಿಸಿ ಪೈಪುಗಳನ್ನು ಸಾಲಾಗಿ ನೆಲದ ಮೇಲಿಡಿ. ಒಂದಕ್ಕೂ ಇನ್ನೊಂದಕ್ಕೂ ನಡುವಿನ ಅಂತರ ಸುಮಾರು ನಾಯಿಯ ಭುಜದ ಎತ್ತರದಷ್ಟಿರಲಿ. ಬೆಲ್ಟ್ ಸಡಿಲವಾಗಿ ಹಿಡಿದು ನಡಿಗೆಯಲ್ಲೇ ದಾಟಿಸಿ, ಹಾರಲು ಬಿಡಬೇಡಿ. ಮೊದಲ ದಿನ ಬೆಳ್ಳಿಯ ಮುಂಗಾಲು ಸಲೀಸಾಗಿ ದಾಟಿದವು, ಹಿಂಗಾಲು ಪ್ರತಿ ಕೋಲಿಗೂ ಟಣ್ ಎಂದು ಬಡಿದವು. ಎರಡು ವಾರದಲ್ಲಿ ಆ ಸದ್ದು ನಿಂತಿತು. ಆಮೇಲೆ ಕೋಲಿನ ಎರಡೂ ತುದಿಗೆ ಹಳೆಯ ಪತ್ರಿಕೆಗಳ ಕಟ್ಟು ಇಟ್ಟು ಸ್ವಲ್ಪ ಎತ್ತರಿಸಿದೆವು. ಹಿಂಗಾಲಿನ ಹಿಮ್ಮಡಿಯ ಗಂಟಿಗಿಂತ ಮೇಲೆ ಹೋಗುವುದು ಬೇಡ. ತಾಗಿದರೆ ಉರುಳಿ ಬೀಳುವಂತೆ ಕೋಲು ಸಡಿಲವಾಗಿರಲಿ.

ಕೊನೆಗೆ ಮೈ ಸಡಿಲಿಸುವುದು: ನಿಂತ ನಾಯಿಯ ಮೂಗನ್ನು ತಿನಿಸಿನ ಆಸೆಯಿಂದ ಸೊಂಟದವರೆಗೆ ತಿರುಗಿಸಿ ಐದು ಸೆಕೆಂಡ್ ಹಿಡಿಯಿರಿ. ಎರಡೂ ಬದಿಗೆ.

ಇವೆಲ್ಲ ಸೇರಿ ಹದಿನೈದು ನಿಮಿಷ, ವಾರಕ್ಕೆ ಮೂರು ದಿನ, ದಿನ ಬಿಟ್ಟು ದಿನ. ತಿನ್ನಿಸಿದಷ್ಟನ್ನು ಊಟದಲ್ಲಿ ಕಳೆಯಿರಿ.

ಬಯಲಿನಲ್ಲಿ

ಉಳಿದ ದಿನ ಹೊರಗೆ. ಮಾರ್ಚ್‌ನಿಂದ ಮೇ ತನಕ ಬೆಳಿಗ್ಗೆ ಏಳರೊಳಗೆ ಮನೆ ಸೇರಿಬಿಡುವುದು ಒಳ್ಳೆಯದು. ಡಾಂಬರಿನ ಮೇಲೆ ನಿಮ್ಮ ಕೈಯ ಹಿಂಬದಿಯನ್ನು ಏಳು ಸೆಕೆಂಡ್ ಇಡಲಾಗದಿದ್ದರೆ ನಾಯಿಯ ಅಂಗಾಲು ಅದರ ಮೇಲೆ ನಡೆಯಲಾರದು.

ಓಟಕ್ಕಿಂತ ಏರು ಹತ್ತುವ ನಡಿಗೆ ಹಿಂಗಾಲಿಗೆ ಒಳ್ಳೆಯದು. ಕೆರೆ ಏರಿಯ ಇಳಿಜಾರು, ತೋಟದ ಬದು, ಊರ ಗುಡ್ಡದ ದಾರಿ ಯಾವುದಾದರೂ ಆಗುತ್ತದೆ. ಹಗ್ಗ ಜಗ್ಗದಂತೆ ನಿಧಾನವಾಗಿ ಹತ್ತಿಸಿ, ಇಳಿಯುವಾಗ ಇನ್ನೂ ನಿಧಾನವಾಗಿ, ಓರೆಯಾಗಿ ಇಳಿಸಿ. ತೆಂಗಿನ ಅಥವಾ ಅಡಿಕೆಯ ಎರಡು ಮರಗಳ ಸುತ್ತ ಎಂಟರ ಆಕಾರದಲ್ಲಿ ನಡೆಸಿದರೆ ಬೆನ್ನು, ಪಕ್ಕೆ ಎರಡೂ ಬಳುಕುತ್ತವೆ. ನಡುನಡುವೆ ಮೂಸಲು ಬಿಡಿ, ಅವಸರಪಡಿಸಬೇಡಿ. ಮೂಸುವುದು ಅದರ ಮನಸ್ಸಿನ ವ್ಯಾಯಾಮ.

ಮುಧೋಳ ನಾಯಿ ಸಾಕಿದವರಿಗೆ ಒಂದು ಮಾತು. ಬಾಗಲಕೋಟೆ ಸೀಮೆಯ ಈ ತಳಿ ಮೂಸಿ ಹುಡುಕುವುದಕ್ಕಿಂತ ಕಣ್ಣಿಂದ ಕಂಡು ಬೆನ್ನಟ್ಟುವ ಬೇಟೆಗಾರ. ದೂರದಲ್ಲಿ ಏನಾದರೂ ಅಲುಗಾಡಿದರೆ ನಿಮ್ಮ ಕೂಗು ಅದರ ಕಿವಿಗೆ ಬೀಳುವುದಿಲ್ಲ. ಪೂರ್ತಿ ಓಟಕ್ಕೆ ಬಿಡುವುದಾದರೆ ಬೇಲಿಯಿರುವ ಬಯಲಿನಲ್ಲೇ ಬಿಡಿ, ಅದಕ್ಕೆ ಮುಂಚೆ ಹತ್ತು ನಿಮಿಷ ನಡೆಸಿರಿ. ಪಗ್‌ನಂಥ ಚಪ್ಪಟೆ ಮೂಗಿನವಕ್ಕೆ ಇದರ ತದ್ವಿರುದ್ಧ: ತಂಪು ಹೊತ್ತಿನ ಚಿಕ್ಕ ನಡಿಗೆಗಳು, ಕೊರಳಪಟ್ಟಿಯ ಬದಲು ಎದೆಗೆ ಕಟ್ಟುವ ಹಾರ್ನೆಸ್.

ನಾಯಿ ನಮ್ಮಂತೆ ಬೆವರುವುದಿಲ್ಲ, ಏದುಸಿರಿನಿಂದಲೇ ಮೈ ತಣಿಸಿಕೊಳ್ಳಬೇಕು. ಅದರ ಸಹಜ ಉಷ್ಣತೆ ಸುಮಾರು 38.3ರಿಂದ 39.2 ಡಿಗ್ರಿ ಸೆಲ್ಸಿಯಸ್, 41 ದಾಟಿದರೆ ಜೀವಕ್ಕೇ ಅಪಾಯ. ನಾಲಿಗೆ ಅಗಲವಾಗಿ ಜೋತುಬಿದ್ದು, ಜೊಲ್ಲು ಅಂಟಂಟಾಗಿ, ಒಸಡು ಕಡುಗೆಂಪಾಗಿ, ಹೆಜ್ಜೆ ತಪ್ಪಿದರೆ ತಕ್ಷಣ ನೆರಳಿಗೆ ತನ್ನಿ. ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತಲೇ ಆಸ್ಪತ್ರೆಗೆ ಒಯ್ಯಿರಿ. ಒದ್ದೆ ಟವಲ್ ಹೊದಿಸಿ ಬಿಡಬೇಡಿ, ಅದು ಶಾಖವನ್ನು ಒಳಗೇ ಹಿಡಿದಿಡುತ್ತದೆ.

ಮಳೆಗಾಲದಲ್ಲಿ ನಿಂತ ನೀರು ಕುಡಿಯಲು ಬಿಡಬೇಡಿ, ಇಲಿಜ್ವರ ಬರಬಹುದು. ಮನೆಗೆ ಬಂದ ಮೇಲೆ ಬೆರಳಸಂದು, ಕಿವಿಯೊಳಗೆ ಉಣ್ಣೆಹುಳ ಹುಡುಕಿ. ಎದೆ ಆಳವಾದ ದೊಡ್ಡ ನಾಯಿಗಳಿಗೆ ಊಟಕ್ಕೂ ಓಟಕ್ಕೂ ನಡುವೆ ಕನಿಷ್ಠ ಒಂದು ಗಂಟೆ ಬಿಡುವಿರಲಿ. ಹೊಟ್ಟೆ ಉಬ್ಬಿ ತಿರುಚಿಕೊಂಡರೆ ಉಳಿಸಿಕೊಳ್ಳಲು ಸಿಗುವುದು ಕೆಲವೇ ಗಂಟೆಗಳು.

ಅತಿಯಾಯಿತೇ ಎಂದು ತಿಳಿಯಲು

ನಾಯಿ ನೋವನ್ನು ಮುಚ್ಚಿಡುತ್ತದೆ, ಆಟದ ಹುಮ್ಮಸ್ಸಿನಲ್ಲಂತೂ ಮರೆತೇಬಿಡುತ್ತದೆ. ಸಣ್ಣ ಓಟದಲ್ಲಿ ನಿಮ್ಮತ್ತ ಬರುವುದನ್ನು ಮೊಬೈಲಿನಲ್ಲಿ ನಿಧಾನಗತಿಯಲ್ಲಿ ಚಿತ್ರಿಸಿ. ಮುಂಗಾಲೊಂದು ನೋಯುತ್ತಿದ್ದರೆ ಆ ಕಾಲು ನೆಲ ಮುಟ್ಟಿದಾಗ ತಲೆ ಮೇಲಕ್ಕೆ ಹೋಗುತ್ತದೆ, ಚೆನ್ನಾಗಿರುವ ಕಾಲು ಮುಟ್ಟಿದಾಗ ಕೆಳಗಿಳಿಯುತ್ತದೆ. ಹಾಗೆ ಕಂಡರೆ ವ್ಯಾಯಾಮ ನಿಲ್ಲಿಸಿ, ಆ ವಿಡಿಯೊವನ್ನೇ ವೈದ್ಯರಿಗೆ ತೋರಿಸಿ.

ಬೆಳ್ಳಿಗೆ ಈಗ ಎಂಟು. ಕಾರಿಗೆ ಹತ್ತಲು ಹಲಗೆ ಇಟ್ಟಿದ್ದೇವೆ, ಜಿಗಿಯಲು ಬಿಡುವುದಿಲ್ಲ. ಆದರೆ ಹಲಗೆಯ ಮೇಲೆ ಹಿಂಗಾಲು ಒಂದಾದ ಮೇಲೊಂದು ಊರಿಕೊಂಡು ತಾನೇ ಹತ್ತುತ್ತಾಳೆ. ಪ್ರತಿ ಬೆಳಿಗ್ಗೆ ಅವಳು ಹಾಸಿಗೆಯಿಂದೆದ್ದು ನೀರಿನ ಬಟ್ಟಲಿನವರೆಗೆ ಇಡುವ ಮೊದಲ ಹತ್ತು ಹೆಜ್ಜೆಗಳನ್ನು ನಾನು ನೋಡುತ್ತೇನೆ. ಸರಾಗವಾಗಿದ್ದರೆ ಹಿಂದಿನ ದಿನದ ಲೆಕ್ಕ ಸರಿಯಿತ್ತು. ಬಿಗಿದ ಕಾಲಿನಲ್ಲಿ ನಡೆದರೆ ಆ ದಿನ ರಜೆ, ಮುಂದಿನ ಸಲ ಬಸ್ಕಿ ಅರ್ಧಕ್ಕೆ.