ಲಿಫ್ಟ್ ಇಲ್ಲದೆ, ಬಾಲ್ ಜಾಯಿಂಟ್ ಮುಟ್ಟದೆ: ಮಿಯಾಟಾಗೆ ಮನೆಯಲ್ಲೇ ಶಾಕ್ ಹಾಕಿದ ನನ್ನ ಅನುಭವ

ಮಜ್ದಾ ಕಂಪನಿಯ ಎರಡು ಸೀಟಿನ ಕಾರು ಮಿಯಾಟಾದ ಮುಂಬದಿಯ ಶಾಕ್ ಅಬ್ಸಾರ್ಬರ್ ತೆಗೆಯಬೇಕಾದರೆ ಚಕ್ರದ ಬಳಿಯ ಗುಂಡು ಕೀಲು, ಅಂದರೆ ಬಾಲ್ ಜಾಯಿಂಟ್ ಬಿಡಿಸಲೇಬೇಕು, ಅದಕ್ಕೆ ಗಾಡಿ ಎತ್ತುವ ಲಿಫ್ಟ್ ಬೇಕು, ಮನೆಯಲ್ಲಿ ಆಗುವ ಕೆಲಸವಲ್ಲ ಎಂದು ನನಗೆ ಹೇಳದವರಿಲ್ಲ. ಇಲ್ಲಿ ನ್ಯೂ ಜರ್ಸಿಯ ಎಡಿಸನ್ ಸುತ್ತಮುತ್ತ ಕಾರಿನ ಹುಚ್ಚು ಹತ್ತಿಸಿಕೊಂಡಿರುವ ನಮ್ಮ ಕನ್ನಡದ ಗೆಳೆಯರೂ ಅದನ್ನೇ ಹೇಳಿದರು. ಗ್ಯಾರೇಜಿನವನಂತೂ ಬರೀ ಕೂಲಿಗೇ ಒಂಬೈನೂರು ಡಾಲರ್ ಚಿಲ್ಲರೆ ಕೇಳಿ, ಬೋಲ್ಟ್ ಮುರಿದರೆ ಅದರ ಖರ್ಚು ಬೇರೆ ಎಂದು ಸೇರಿಸಿದ. ಈಗ ನಾಲ್ಕೂ ಶಾಕ್ ಬದಲಾಗಿ ಒಂದು ಚಳಿಗಾಲ ಕಳೆದಿದೆ. ಬಾಲ್ ಜಾಯಿಂಟ್‌ಗಳ ರಬ್ಬರ್ ಬೂಟು ಇದ್ದ ಹಾಗೆಯೇ ಇದೆ. ಆಗ ನಕ್ಕವರೇ ಈಗ ಫೋನ್ ಮಾಡಿ ಕೇಳುತ್ತಿರುವುದರಿಂದ ಒಮ್ಮೆ ಬರೆದುಬಿಡುತ್ತೇನೆ.

ಗಾಡಿ 2001ರ ಎನ್‌ಬಿ, ಅಂದರೆ ಎರಡನೇ ತಲೆಮಾರಿನ ಮಿಯಾಟಾ, 1.8 ಲೀಟರ್ ಎಂಜಿನ್ನಿನದು. ಹಳೆಯ ಶಾಕ್‌ಗಳು ಸತ್ತು ಎಷ್ಟು ಕಾಲವಾಗಿತ್ತೋ. ಮೂಲೆಯನ್ನು ಕೈಯಿಂದ ಒತ್ತಿ ಬಿಡುವ ಪರೀಕ್ಷೆಯನ್ನು ಈ ಗಾಡಿಯಲ್ಲಿ ನಂಬಬೇಡಿ. ಕೀಲುಗಳಲ್ಲಿರುವ ರಬ್ಬರ್ ಬುಷ್‌ಗಳ ಬಿಗಿಯೇ ಶಾಕ್ ಚೆನ್ನಾಗಿದೆ ಎಂಬ ಭ್ರಮೆ ಹುಟ್ಟಿಸುತ್ತದೆ. ಟರ್ನ್‌ಪೈಕ್ ಎಂಬ ಇಲ್ಲಿನ ಟೋಲ್ ಹೆದ್ದಾರಿಯ ಸೇತುವೆ ಸಂದುಗಳ ಮೇಲೆ ಹೋದಾಗ ಹಿಂಭಾಗ ಪಕ್ಕಕ್ಕೆ ಜಿಗಿಯುತ್ತಿತ್ತು. ನನಗೆ ಅಷ್ಟು ಸಾಕ್ಷಿ ಸಾಕಾಗಿತ್ತು.

ಕೊನಿ ಕಂಪನಿಯ ಹಳದಿ ಶಾಕ್‌ಗಳ ಸೆಟ್‌ಗೆ ಏಳುನೂರು ಡಾಲರ್ ಆಸುಪಾಸು ಬಿತ್ತು. ಅದರ ಅರ್ಧಕ್ಕಿಂತ ಕಡಿಮೆಗೆ ಮಾಮೂಲಿ ಶಾಕ್‌ಗಳು ಸಿಗುತ್ತವೆ, ದಿನನಿತ್ಯ ಓಡಿಸುವವರಿಗೆ ಅವೇ ಧಾರಾಳ. ನನಗೆ ಒತ್ತಿಕೊಂಡ ಶಾಕ್ ಮರಳಿ ಚಾಚುವಾಗಿನ ಬಿಗಿಯನ್ನು ಮೇಲಿನಿಂದ ತಿರುಗಿಸಿ ಹೊಂದಿಸುವ ಸೌಕರ್ಯ ಬೇಕಿತ್ತು. ವರ್ಷದಲ್ಲಿ ಕೆಲವು ಭಾನುವಾರ ಆಟೋಕ್ರಾಸ್‌ಗೆ, ಅಂದರೆ ಕೋನ್‌ಗಳ ನಡುವೆ ಒಬ್ಬೊಬ್ಬರಾಗಿ ಸಮಯ ಕಟ್ಟಿ ಗಾಡಿ ಓಡಿಸುವ ಸ್ಪರ್ಧೆಗೆ ಹೋಗುವವನು ನಾನು.

ಈಗ ವಿಧಾನಕ್ಕೆ ಬರುತ್ತೇನೆ. ಮುಂದಿನ ಚಕ್ರವನ್ನು ಗಾಡಿಗೆ ಹಿಡಿದಿಡುವ ಎರಡು ತೋಳುಗಳಲ್ಲಿ (ವಿಶ್‌ಬೋನ್) ಮೇಲಿನದರ ಒಳತುದಿಯಲ್ಲಿ ಒಂದು ಉದ್ದ ಬೋಲ್ಟ್ ಹಾದುಹೋಗಿದೆ. ಎಲ್ಲರೂ ಹೊರತುದಿಯ ಬಾಲ್ ಜಾಯಿಂಟ್ ಕಡೆ ನೋಡುತ್ತಾರೆ, ನಾನು ಒಳತುದಿ ಹಿಡಿದೆ. ಆ ಒಂದು ಬೋಲ್ಟ್ ಎಳೆದರೆ ವಿಶ್‌ಬೋನ್ ಚಕ್ರ ಕೂರುವ ಹಬ್ ಸಮೇತ ಹೊರಕ್ಕೆ ವಾಲುತ್ತದೆ, ಶಾಕ್‌ನ ಮೇಲಿನ ನಟ್‌ಗಳನ್ನೂ ಕೆಳಗಿನ ಬೋಲ್ಟನ್ನೂ ಬಿಚ್ಚಿದರೆ ಶಾಕ್ ಸ್ಪ್ರಿಂಗ್ ಸಮೇತ ಕೈಗೆ ಬರುತ್ತದೆ. ವಾಲುವ ಮೊದಲು ಹಬ್ಬನ್ನು ತಂತಿಯಿಂದ ಕಟ್ಟಿ ನಿಲ್ಲಿಸಿ. ಬ್ರೇಕ್ ಹೋಸ್ ಮೇಲೆ ಭಾರ ಬೀಳಬಾರದು, ಎಬಿಎಸ್ ತಂತಿಯನ್ನು ಮೊದಲೇ ಕ್ಲಿಪ್ಪಿನಿಂದ ಬಿಡಿಸಿರಬೇಕು. ಇನ್ನೊಂದು ಲಾಭವಿದೆ. ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನ ಹೊಂದಿಸುವ ಬೋಲ್ಟ್‌ಗಳು ಇರುವುದು ಕೆಳಗಿನ ವಿಶ್‌ಬೋನ್‌ನಲ್ಲಿ. ಮೇಲಿನದನ್ನು ಬಿಚ್ಚಿ ಹಾಕಿದ ಮಾತ್ರಕ್ಕೆ ಅಲೈನ್‌ಮೆಂಟ್ ಕೆಡುವುದಿಲ್ಲ.

ಕಾಗದದ ಮೇಲೆ ಇಷ್ಟೇ. ಆದರೆ ಈ ಗಾಡಿ ಇಪ್ಪತ್ತು ವರ್ಷ ಇಲ್ಲಿನ ರಸ್ತೆ ಉಪ್ಪು ತಿಂದಿದೆ.

ಬಲಗಡೆ ಎಲ್ಲವೂ ಸಲೀಸಾಗಿ ಬಂತು. ಎಡಗಡೆಯ ಶಾಕ್‌ನ ಕೆಳಗಿನ ಬೋಲ್ಟ್ ಮಾತ್ರ ಪ್ರಾಣ ತಿಂದಿತು. 17 ಮಿ.ಮೀ. ಸಾಕೆಟ್ ಹಾಕಿ ಉದ್ದ ಪೈಪ್ ಕೊಟ್ಟು ಎಳೆದರೆ ಬೋಲ್ಟ್ ಕಾಲು ಸುತ್ತು ತಿರುಗುತ್ತದೆ. ಬಂತು ಎಂದು ಕೈ ಸಡಿಲಿಸಿದರೆ ನಿಧಾನವಾಗಿ ಹಿಂದಕ್ಕೆ ತಿರುಗಿ ಮೊದಲಿದ್ದಲ್ಲೇ ನಿಲ್ಲುತ್ತದೆ. ಬುಷ್‌ನ ಒಳಗಿನ ಕಬ್ಬಿಣದ ಕೊಳವೆ ತುಕ್ಕು ಹಿಡಿದು ಬೋಲ್ಟಿಗೆ ಬೆಸೆದುಕೊಂಡಿತ್ತು. ನಾನು ತಿರುಗಿಸುತ್ತಿದ್ದದ್ದು ಬೋಲ್ಟನ್ನಲ್ಲ, ರಬ್ಬರನ್ನು ಹಿಂಡುತ್ತಿದ್ದೆ. ತುಕ್ಕು ಬಿಡಿಸುವ ಎಣ್ಣೆ ಸುರಿದು ರಾತ್ರಿಯಿಡೀ ಬಿಟ್ಟೆ, ಏನೂ ಆಗಲಿಲ್ಲ. ಅಸಿಟೋನ್ ಮತ್ತು ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಎಣ್ಣೆಯ ಮಿಶ್ರಣವನ್ನು ಬಹಳ ಜನ ಹೊಗಳುತ್ತಾರೆ. ನನ್ನ ಶೆಡ್ಡಿನಲ್ಲಿ ಅದು ವಾಸನೆ ಬಿಟ್ಟರೆ ಬೇರೇನೂ ಕೊಡಲಿಲ್ಲ. ಬೆಂಕಿ ತೋರಿಸುವುದು ಬೇಡವೆಂದುಕೊಂಡೆ. ಪಕ್ಕದಲ್ಲೇ ಬ್ರೇಕ್ ಹೋಸ್ ಇದೆ, ಮೇಲಾಗಿ ಎಣ್ಣೆ ತುಂಬಿ ಮುಚ್ಚಿದ ಶಾಕ್ ಕಾಯಿಸುವುದು ಹುಡುಗಾಟವಲ್ಲ.

ಆಗ ದಾವಣಗೆರೆಯಿಂದ ನಮ್ಮ ಮಾವ ಬಂದಿದ್ದರು. ಮೂವತ್ತು ವರ್ಷ ಲಾರಿ ಇಟ್ಟುಕೊಂಡಿದ್ದವರು. ಕುರ್ಚಿ ಹಾಕಿಕೊಂಡು ನೋಡುತ್ತ ಕೂತಿದ್ದರು. "ಅಳಿಯಂದಿರೇ, ಆ ಶಾಕ್ ಹೇಗಿದ್ದರೂ ಗುಜರಿಗೆ ಹೋಗುವುದು ತಾನೇ? ಅದನ್ನು ಉಳಿಸಲು ಯಾಕೆ ಒದ್ದಾಡುತ್ತೀರಿ?" ಎಂದರು. ಮಾತು ನೇರವಾಗಿತ್ತು. ಬುಷ್ ಇರುವುದು ಹಳೆಯ ಶಾಕ್‌ನ ಕಣ್ಣಿನಲ್ಲಿ, ಅಂದರೆ ಬೋಲ್ಟ್ ಹಾಯುವ ಬಳೆಯಲ್ಲಿ, ವಿಶ್‌ಬೋನ್‌ನಲ್ಲಲ್ಲ. ಮಾರನೆಯ ದಿನ ವಿದ್ಯುತ್ ಗರಗಸ ತಂದು ಕಣ್ಣಿನ ಎರಡೂ ಪಕ್ಕದ ಸಂದಿನಲ್ಲಿ ಬೋಲ್ಟನ್ನು ಕೊಯ್ದೆ. ಬ್ಲೇಡುಗಳಿಗೇ ಮೂವತ್ತು ಡಾಲರ್ ಹೋಯಿತು, ಏಕೆಂದರೆ ಅಗ್ಗದ ಬ್ಲೇಡ್ ಈ ಉಕ್ಕಿನ ಮುಂದೆ ಹಲ್ಲುದುರಿಸಿಕೊಳ್ಳುತ್ತದೆ. ಕಾರ್ಬೈಡ್ ಹಲ್ಲಿನದ್ದೇ ಕೊಳ್ಳಿ. ಹೊಸ ಬೋಲ್ಟ್ ಹತ್ತು ಡಾಲರ್ ಒಳಗೆ ಸಿಕ್ಕಿತು.

ಶಾಕ್ ಬಿಚ್ಚಲು ಸ್ಪ್ರಿಂಗನ್ನು ಒತ್ತಿ ಹಿಡಿಯುವ ಸ್ಪ್ರಿಂಗ್ ಕಂಪ್ರೆಸರ್ ಇನ್ನೊಂದು ತಲೆನೋವು. ಬಿಡಿಭಾಗದ ಅಂಗಡಿಯವರು ಠೇವಣಿ ಇಟ್ಟುಕೊಂಡು ಕೊಡುವ ಕಂಪ್ರೆಸರ್‌ನ ಕೊಕ್ಕೆಗಳು ದಪ್ಪ, ದೊಡ್ಡ ಗಾಡಿಗಳಿಗೆ ಮಾಡಿದ್ದು. ಮಿಯಾಟಾದ ಸಣ್ಣ ಸ್ಪ್ರಿಂಗ್‌ನ ಸುರುಳಿಗಳ ನಡುವೆ ಅವು ಕೂರಲೇ ಇಲ್ಲ, ಒಮ್ಮೆ ಜಾರಿದ ಸದ್ದಿಗೆ ನನ್ನ ಹೆಂಡತಿ ಅಡುಗೆಮನೆಯಿಂದ ಓಡಿ ಬಂದಳು. ಅದನ್ನು ವಾಪಸ್ ಮಾಡಿ ತೆಳು ಕೊಕ್ಕೆಯದ್ದನ್ನು ಅರವತ್ತು ಡಾಲರಿಗೆ ಕೊಂಡೆ. ನಡುವಿನ ನಟ್ ಬಿಚ್ಚುವಾಗ ಶಾಕ್‌ನ ತುದಿ ಎದುರು ಯಾರೂ ನಿಲ್ಲಬೇಡಿ, ನೀವೂ ನಿಲ್ಲಬೇಡಿ.

ಬಿಚ್ಚಿದಾಗ ಬಂಪ್ ಸ್ಟಾಪ್, ಅಂದರೆ ಶಾಕ್ ಪೂರ್ತಿ ಒತ್ತಿಕೊಂಡಾಗ ಹೊಡೆತ ತಡೆಯುವ ಮೆತ್ತೆ, ಹಳದಿ ಪುಡಿಯಾಗಿ ಕೈಗೆ ಬಂತು. ಮೊದಲ ತಲೆಮಾರಿನ ಎನ್‌ಎ, ನನ್ನ ಎನ್‌ಬಿ ಎರಡರಲ್ಲೂ ಶಾಕ್ ಒಳಗೆ ಒತ್ತಿಕೊಳ್ಳುವ ಅಳತೆ ಬಹಳ ಕಡಿಮೆ. ಸಾಮಾನ್ಯ ಹೊಂಡಕ್ಕೂ ಗಾಡಿ ಬಂಪ್ ಸ್ಟಾಪ್ ಮೇಲೆ ಕೂರುತ್ತದೆ. ಹೊಸ ಶಾಕ್‌ಗೆ ಹಳೆಯ ಸ್ಟಾಪ್ ಹಾಕಿದರೆ ಹಣ ನೀರಿಗೆ ಹಾಕಿದಂತೆ. ಇಲ್ಲಿ ನಾನು ಸ್ವಲ್ಪ ಆಟವಾಡಿದೆ. ಶಾಕ್‌ನ ದಂಡಕ್ಕೆ ಒಂದು ಪ್ಲಾಸ್ಟಿಕ್ ಟೈ ಬಿಗಿದು ಕೆಳಕ್ಕೆ ಒತ್ತಿಟ್ಟು, ಮನೆಯಿಂದ ಓಕ್ ಟ್ರೀ ರೋಡ್‌ವರೆಗೆ ಹೋಗಿ ಬಂದೆ. ಟೈ ಮೇಲಕ್ಕೆ ತಳ್ಳಿಸಿಕೊಂಡು ನಿಂತ ಜಾಗ ನೋಡಿದರೆ ಶಾಕ್ ಎಷ್ಟು ಒಳಗೆ ಹೋಗಿತ್ತು ಎಂದು ಗೊತ್ತಾಗುತ್ತದೆ. ಹಲವು ಅಳತೆಗೆ ಸ್ಟಾಪ್ ಕತ್ತರಿಸಿ ನೋಡಿದೆ. ಮುಂದೆ ಒಂದು ಉದ್ದ, ಹಿಂದೆ ಬೇರೆ ಉದ್ದ ಎಂಬಲ್ಲಿಗೆ ನಿಂತಿದ್ದೇನೆ. ಅಷ್ಟು ಸಾಕು, ಅಳತೆ ನೀವೇ ಹುಡುಕಿಕೊಳ್ಳಿ.

ಸುಮ್ಮನಿರಲಾರದೆ ಹಳೆಯ ಶಾಕ್‌ಗಳನ್ನೂ ಪರೀಕ್ಷಿಸಿದೆ. ದಂಡ ಒಳಗೆ ತಳ್ಳಿದರೆ ನಾಲ್ಕರಲ್ಲಿ ಒಂದೂ ಹೊರಗೆ ಬರಲಿಲ್ಲ. ಒಂದನ್ನು ಎಳೆದರೆ ಅರ್ಧ ದಾರಿ ಖಾಲಿ, ಆಮೇಲೆ ಗಟ್ಟಿ. ಒಳಗೆ ಎಣ್ಣೆ ಅಷ್ಟೇ ಉಳಿದಿತ್ತು. ನಿಮ್ಮದು ಬಿಲ್‌ಸ್ಟೈನ್ ಕಂಪನಿಯ ಶಾಕ್ ಆಗಿದ್ದರೆ ಕುತೂಹಲಕ್ಕೆಂದು ತೂತು ಕೊರೆಯಬೇಡಿ, ಒಳಗೆ ಹೆಚ್ಚು ಒತ್ತಡದ ಅನಿಲ ಇರುತ್ತದೆ.

ಹಿಂಬದಿ ಚಕ್ರಗಳ ಶಾಕ್‌ಗಳ ಬಗ್ಗೆ ಹೇಳುವುದು ಕಡಿಮೆ. ಡಿಕ್ಕಿಯ ಒಳಹೊದಿಕೆ ಸರಿಸಿದರೆ ಮೇಲಿನ 14ರ ನಟ್‌ಗಳು ಕಾಣುತ್ತವೆ, ಪೆಟ್ರೋಲ್ ಕೊಳವೆ ಇರುವ ಕಡೆ ಕೈ ತರಚುತ್ತದೆ. ತಿರುವಿನಲ್ಲಿ ಗಾಡಿ ವಾಲುವುದನ್ನು ತಡೆಯುವ ಆಂಟಿ ರೋಲ್ ಬಾರ್‌ನ ಕೊಂಡಿ ಬಿಚ್ಚಿ, ಒಬ್ಬರು ಹಬ್ಬನ್ನು ಕಾಲಿನಿಂದ ಕೆಳಗೆ ಒತ್ತಿದರೆ ಇನ್ನೊಬ್ಬರು ಶಾಕ್ ಹೊರತೆಗೆಯಬಹುದು.

ಬಹಳ ಜನ ಎಡವುವುದು ಕೊನೆಯಲ್ಲಿ. ಚಕ್ರ ಜೋತಾಡುತ್ತಿರುವಾಗಲೇ ಬುಷ್ ಇರುವ ಬೋಲ್ಟ್‌ಗಳನ್ನು ಪೂರ್ತಿ ಬಿಗಿದರೆ, ಗಾಡಿ ಕೆಳಗಿಳಿದಾಗ ರಬ್ಬರ್ ತಿರುಚಿಕೊಂಡೇ ಉಳಿಯುತ್ತದೆ ಮತ್ತು ಬೇಗ ಹರಿಯುತ್ತದೆ. ನಾನು ದಪ್ಪ ಹಲಗೆಗಳನ್ನು ಅಡ್ಡಡ್ಡ ಜೋಡಿಸಿ ಸ್ಕ್ರೂ ಹಾಕಿ ನಾಲ್ಕು ಕಟ್ಟೆ ಮಾಡಿದೆ, ಮರಕ್ಕೆ ನಲವತ್ತು ಡಾಲರ್ ಇರಬಹುದು. ಚಕ್ರಗಳನ್ನು ಅವುಗಳ ಮೇಲೆ ಇಳಿಸಿ, ಗಾಡಿಯ ಪೂರ್ತಿ ಭಾರ ಬಿದ್ದ ಮೇಲೆ ಕೆಳಗೆ ನುಸುಳಿ ಬಿಗಿ ಮಾಡಿದೆ. ಶಾಕ್‌ನ ಕೆಳಗಿನ ಬೋಲ್ಟಿಗೆ ಸುಮಾರು 80 ನ್ಯೂಟನ್ ಮೀಟರ್, ಮೇಲಿನ ನಟ್‌ಗಳಿಗೆ 30ರ ಆಸುಪಾಸು. ಉದ್ದ ಬೋಲ್ಟನ್ನೂ ಹೀಗೆಯೇ ಭಾರ ಬಿದ್ದ ಮೇಲೆ ಬಿಗಿಯಬೇಕು.

ಎತ್ತರ ಸ್ವಲ್ಪ ತಗ್ಗಿದ್ದರಿಂದ ಅಲೈನ್‌ಮೆಂಟ್ ಮಾಡಿಸಲೇಬೇಕಾಯಿತು, ಅದಕ್ಕೆ ನೂರಮೂವತ್ತು. ಎಲ್ಲ ಸೇರಿ ಸಾವಿರದ ಮೇಲೆ ಸ್ವಲ್ಪ ಹೋಯಿತು. ಅದೇ ಶಾಕ್‌ಗಳನ್ನು ಗ್ಯಾರೇಜಿನಲ್ಲಿ ಹಾಕಿಸಿದ್ದರೆ ಹದಿನೇಳು ನೂರು ದಾಟುತ್ತಿತ್ತು, ಬಂಪ್ ಸ್ಟಾಪ್ ಬದಲಾಯಿಸುತ್ತಿದ್ದರೋ ಇಲ್ಲವೋ ದೇವರೇ ಬಲ್ಲ.

ಟರ್ನ್‌ಪೈಕ್ ಸಂದುಗಳ ಮೇಲೆ ಈಗ ಒಂದೇ ಸದ್ದು, ಗಾಡಿ ನೆಟ್ಟಗೆ ಹೋಗುತ್ತದೆ. ಆಟೋಕ್ರಾಸ್‌ನಲ್ಲಿ ಕೋನ್‌ಗಳ ಸಾಲಿನಲ್ಲಿ ತಿರುಗಿಸಿದಾಗ ಹಿಂಭಾಗ ಮುಂಭಾಗದ ಮಾತು ಕೇಳುತ್ತಿದೆ. ಹಿಂಬದಿಯ ಕೊನಿಗಳ ಬಿಗಿಯನ್ನು ಎಷ್ಟು ಸುತ್ತು ತಿರುಗಿಸಿ ಇಟ್ಟಿದ್ದೇನೆ ಎಂದು ಮಾತ್ರ ಬರೆಯುವುದಿಲ್ಲ. ನಮ್ಮ ವರ್ಗದಲ್ಲಿ ಇನ್ನೂ ಇಬ್ಬರು ಮಿಯಾಟಾದವರಿದ್ದಾರೆ, ಅವರಲ್ಲಿ ಒಬ್ಬರಿಗೆ ಕನ್ನಡ ಓದಲು ಬರುತ್ತದೆ.